ಜೇನು ಹೊತ್ತು ತಂದೆ, ನೀರು ಬಿಟ್ಟು ಬಂದೆ

‘ಚಹಾಕ್ಕ ಟೈಮ್ ಇರ್ತದ ಸರ್, ಒಪ್ಪಿದೆ. ನೀರಿಗೂ ಟೈಮ್ ಇರ್ತದೇನ್ರಿ?’

ಫೋನಿನಲ್ಲಿ ಬಂದ ಪ್ರಶ್ನೆ. ಕೇಳಿದವರು ದೇವದುರ್ಗದ ಹೈಸ್ಕೂಲೊಂದರ ವಿಜ್ಞಾನದ ಟೀಚರ್, ಹೆಸರು ಯಶೋದಾ. ದನಿಯಲ್ಲಿ ಸಿಟ್ಟಿರಲಿಲ್ಲ. ಹೋಂವರ್ಕ್ ಮಾಡದೆ ಬಂದ ಹುಡುಗನನ್ನು ಕೇಳುವಂತೆ ಕೇಳಿದರು. ಎಲ್ಲಕ್ಕೂ ಉತ್ತರವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ನಾನು ‘ಆಂ?’ ಎಂದೆ. ಎರಡನೆಯ ಸಲವೂ ‘ಆಂ?’ ಎಂದೆ. ಆಮೇಲೆ ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ.

(ಸಿಗ್ನಲ್ ಚೆನ್ನಾಗಿಯೇ ಇತ್ತು.)

ಮೊದಲಿನಿಂದ ಹೇಳುತ್ತೇನೆ. ನನ್ನ ಜೇನಿನ ಹುಚ್ಚು ಈ ಅಂಕಣ ಓದುವವರಿಗೆ ಹೊಸ ಸುದ್ದಿಯಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಎಂಜಿನಿಯರ್ ಆಗಿ ನಿವೃತ್ತನಾದವನು ನಾನು. ಈಗ ರಾಯಚೂರಿನಲ್ಲಿ ಮನೆ, ಹಿತ್ತಲಲ್ಲಿ ಜೇನುಪೆಟ್ಟಿಗೆಗಳು. ಯಾರದೋ ಮನೆಯ ಗೋಡೆಯ ಸಂದಿಯಲ್ಲೋ ಹಳೆಯ ಮೀಟರ್ ಬೋರ್ಡಿನಲ್ಲೋ ಕಾಡು ಜೇನು ಗೂಡು ಕಟ್ಟಿದೆ ಎಂದು ಫೋನ್ ಬಂದರೆ ಸಾಕು, ಖಾಲಿ ಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡು ಹೊರಡುತ್ತೇನೆ. ಗೂಡು ಬಿಡಿಸಿ, ಹುಳಗಳನ್ನು ಪೆಟ್ಟಿಗೆಗೆ ಇಳಿಸಿ, ಮನೆಗೆ ತರುತ್ತೇನೆ. ಯಾರೋ ಸೀಮೆಎಣ್ಣೆ ಹಾಕಿ ಸುಡುವುದಕ್ಕಿಂತ ಇದು ವಾಸಿ ಅಲ್ಲವೇ?

ನನ್ನ ಟೈಮ್‌ಟೇಬಲ್ಲೂ ನಿಮಗೆ ಗೊತ್ತು. ಐದಕ್ಕೆ ಏಳುವುದು. ಆರಕ್ಕೆ ಚಹಾ. ಎಂಟೂವರೆಗೆ ನಾಷ್ಟಾ. ಒಂದಕ್ಕೆ ಊಟ. ನಾಲ್ಕೂವರೆಗೆ ಇನ್ನೊಂದು ಚಹಾ. ನಡುವೆ ಏನೂ ಇಲ್ಲ. ಶಿಫ್ಟ್ ಡ್ಯೂಟಿ ಮಾಡಿದ ಹೊಟ್ಟೆ ಇದು, ಗಂಟೆ ಬಾರಿಸದೆ ಬಾಗಿಲು ತೆಗೆಯುವುದಿಲ್ಲ. ಇದರ ಬಗ್ಗೆ ಇದೇ ಜಾಗದಲ್ಲಿ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೇನೆ. ಕೆಲವರು ಮೆಚ್ಚಿ ಪತ್ರ ಬರೆದದ್ದೂ ಉಂಟು. ಅವರೆಲ್ಲ ದಯವಿಟ್ಟು ಮುಂದೆ ಓದಬೇಕು.

ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ಯಶೋದಾ ಅವರ ಮನೆಗೆ ಹೋದೆ. ಅಂಕಣ ಓದಿ ಅವರೇ ಕರೆದಿದ್ದರು. ಮನೆ ಹೊಸದು, ಅಚ್ಚುಕಟ್ಟು. ಬಾಗಿಲ ಮೇಲೆ ಬುದ್ಧನ ಪುಟ್ಟ ಮೂರ್ತಿ. ಮೆಟ್ಟಿಲ ಕೆಳಗೆ ಹಿಂದೆ ಜೋಳ ತುಂಬುತ್ತಿದ್ದ ದೊಡ್ಡ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿಟ್ಟಿದ್ದರು. ಅದರ ಕಂಠದಲ್ಲಿ ಒಂದು ಚೂರು ಮುಕ್ಕಾಗಿತ್ತು. ಆ ಮುಕ್ಕೇ ಹುಳಗಳಿಗೆ ಹೆಬ್ಬಾಗಿಲು.

‘ಮೂರು ವರ್ಷ ಆತ್ರಿ ಸರ್. ಅವ್ವ ಮುಟ್ಟಾಕ ಬಿಡವಲ್ಲಳು’ ಎಂದರು ಯಶೋದಾ. ‘ಈಗ ಮೆಟ್ಟಿಲಿಗೆ ಗ್ರಾನೈಟ್ ಹಾಕಸ್ಬೇಕು. ಕೆಲಸದವ್ರು ಹೊಗಿ ಹಾಕ್ತೀವಿ ಅಂದ್ರು. ಅವ್ವ ಅವ್ರನ್ನ ಹೊರಗ ಹಾಕಿದ್ಲು.’

ಅವ್ವ ಎಂದರೆ ಹುಲಿಗೆವ್ವ. ಎಪ್ಪತ್ತು ದಾಟಿದವರು. ಬಾಗಿಲಲ್ಲಿ ನಿಂತು ನನ್ನ ಬಲೆಯ ಟೋಪಿ, ಗ್ಲೌಸು, ಹೊಗೆ ಬಿಡುವ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ನೋಡಿದರು.

‘ಯಪ್ಪಾ, ಜೇನು ಬಿಡಸಾಕ ಬಂದೀಯೋ, ಲಡಾಯಿಗಿ ಹೊಂಟೀಯೋ?’

ಕೆಲಸ ಚೆನ್ನಾಗಿ ನಡೆಯಿತು. ಗಡಿಗೆ ಎತ್ತಿ ಹೊರಳಿಸಿದೆ. ಒಳಗೆ ಮೇಣದ ಏಳು ಎರಿ. ಮರಿಗಳಿರುವ ಎರಿಗಳನ್ನು ಕೊಯ್ದು ಚೌಕಟ್ಟಿಗೆ ದಾರದಿಂದ ಕಟ್ಟಿದೆ. ರಾಣಿ ನಾಲ್ಕನೆಯ ಎರಿಯ ಹಿಂದೆ ಸಿಕ್ಕಿತು. ಅದು ಪೆಟ್ಟಿಗೆಗೆ ಇಳಿದ ಮೇಲೆ ಉಳಿದವು ಸಾಲುಗಟ್ಟಿ ತಾವೇ ಒಳಗೆ ನಡೆದವು. ಜೇನುತುಪ್ಪ ತುಂಬಿದ ಎರಿಯೊಂದನ್ನು ಮನೆಯವರಿಗೆ ತಟ್ಟೆಯಲ್ಲಿ ಕೊಟ್ಟೆ. ನನ್ನ ಬೆರಳಿಗೆ ಹತ್ತಿದ್ದನ್ನು ನೆಕ್ಕಿದೆ. ಬೇವಿನ ಹೂವಿನದೋ ಏನೋ, ಹಿಂದೆಯೇ ಒಂದಿಷ್ಟು ಕಹಿ. ಸೊಗಸಾಗಿತ್ತು.

ಇದೆಲ್ಲ ಮುಗಿದಾಗ ಹನ್ನೊಂದು ಮುಕ್ಕಾಲು. ಆದರೆ ಪೆಟ್ಟಿಗೆಯನ್ನು ತಕ್ಷಣ ಎತ್ತುವಂತಿಲ್ಲ. ಹೊರಗೆ ಮೇಯಲು ಹೋದ ಹುಳಗಳು ಹೊತ್ತು ಮುಳುಗುವಾಗಲೇ ಮರಳುವುದು. ಅಲ್ಲಿಯವರೆಗೆ ಪೆಟ್ಟಿಗೆ ಗಡಿಗೆ ಇದ್ದ ಜಾಗದಲ್ಲೇ ಇರಬೇಕು. ನಾನೂ ಇರಬೇಕು.

ಯಶೋದಾ ಟ್ರೇ ಹಿಡಿದು ಬಂದರು. ನೀರಿನ ತಂಬಿಗೆ, ಪಕ್ಕದಲ್ಲಿ ಚಹಾ. ಹೂವಿನ ಚಿತ್ರದ ಹೊಸ ಕಪ್ಪು-ಬಸಿ. ಬಸಿಯ ಅಂಚಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನನ್ನ ಕಣ್ಣಿಗೆ ಇಂಥದ್ದು ತಪ್ಪುವುದಿಲ್ಲ.

‘ಈ ಚೀಟಿ ಬಿಸಿನೀರಾಗ ನೆನಿ ಇಡ್ರಿ. ಉಗುರಿಲೆ ಕೆರೀಬ್ಯಾಡ್ರಿ, ಕಲಿ ಬೀಳ್ತದ’ ಎಂದೆ. ಆಮೇಲೆ ವಾಚು ನೋಡಿದೆ. ‘ನಂದು ಟೈಮ್ ಅಲ್ಲವ್ವ ಇದು’ ಎಂದೆ.

‘ನೀರರ ಕುಡೀರಿ ಸರ್.’

‘ಬಾಟ್ಲಿ ತಂದೀನಿ.’

ಯಶೋದಾ ಟ್ರೇಯನ್ನು ವಾಪಸ್ ಒಯ್ದರು. ಒಂದು ಗಂಟೆಗೆ ಬೇವಿನ ಗಿಡದ ಕೆಳಗೆ ಕಾರಿನ ಬಾಗಿಲು ತೆರೆದು ಕುಳಿತು ನನ್ನ ಡಬ್ಬಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಊಟಕ್ಕೆ ಏಳಿರೆಂದು ಯಾರೂ ಕರೆಯಲಿಲ್ಲ. ಸದ್ಯ, ಒತ್ತಾಯ ಮಾಡುವ ಜನವಲ್ಲ, ಒಳ್ಳೆಯದು ಎಂದುಕೊಂಡೆ. ನಾಲ್ಕೂವರೆಗೆ ಬಸ್ ಸ್ಟ್ಯಾಂಡಿನ ಹೋಟೆಲಿನವರೆಗೆ ನಡೆದುಹೋಗಿ ಚಹಾ ಕುಡಿದು ಬಂದೆ. ಹೊತ್ತು ಮುಳುಗುತ್ತಲೂ ಪೆಟ್ಟಿಗೆಯ ಬಾಗಿಲಿಗೆ ಹತ್ತಿ ತುರುಕಿ, ಕೈಮುಗಿದು, ರಾಯಚೂರಿನ ದಾರಿ ಹಿಡಿದೆ.

ಎಷ್ಟು ಶಿಸ್ತು ನೋಡಿ. ಒಬ್ಬರಿಗೂ ತೊಂದರೆ ಕೊಡಲಿಲ್ಲ.

ಹದಿನೈದು ದಿನಕ್ಕೆ ವರದಿ ಒಪ್ಪಿಸುವುದು ನನ್ನ ಪದ್ಧತಿ. ಹುಳ ಕೊಟ್ಟವರಿಗೆ ಫೋನ್ ಮಾಡಿ, ಅವು ನೆಲೆ ನಿಂತವೋ ಇಲ್ಲವೋ ತಿಳಿಸುತ್ತೇನೆ. ಹಾಗೆಯೇ ಯಶೋದಾ ಅವರಿಗೆ ಮಾಡಿದೆ. ಹೊಸ ಎರಿ ಕಟ್ಟುತ್ತಿವೆ, ರಾಣಿ ಚೆನ್ನಾಗಿ ಮೊಟ್ಟೆ ಇಡುತ್ತಿದೆ, ತುಪ್ಪ ಬಂದಾಗ ಒಂದು ಬಾಟಲಿ ತಂದುಕೊಡುತ್ತೇನೆ ಎಂದೆಲ್ಲ ಹೇಳಿದೆ.

‘ಭಾಳ ಸಂತೋಷ್ರಿ ಸರ್’ ಎಂದರು. ಆಮೇಲೆ, ‘ಒಂದ್ ಮಾತು ಕೇಳ್ಲೇನ್ರಿ? ಅವತ್ತು ಇಡೀ ದಿನ ನಮ್ಮನ್ಯಾಗ ನೀವು ಏನೂ ಮುಟ್ಟಲಿಲ್ಲ’ ಎಂದರು.

ನಾನು ನಕ್ಕೆ. ಟೈಮ್‌ಟೇಬಲ್ ಒಪ್ಪಿಸಿದೆ. ಐದಕ್ಕೆ ಏಳುವುದು, ಆರಕ್ಕೆ ಚಹಾ. ‘ನನ್ನ ಅಂಕಣದಾಗ ಓದೀರಲ್ಲವ್ವ’ ಎಂದೆ.

‘ಓದೀನ್ರಿ. ಅದಕ್ಕ ನಾಲ್ಕೂವರಿಗಿ ಮತ್ತ ಚಹಾ ಇಟ್ಟಿದ್ದೆ. ಹೊರಗ ಬಂದು ನೋಡಿದ್ರ ನೀವು ಇರಲಿಲ್ಲ. ಬಸ್ ಸ್ಟ್ಯಾಂಡ್ ಹೋಟೆಲ್‌ನ್ಯಾಗ ಕುಂತಿದ್ರಂತ, ನಮ್ಮಣ್ಣ ನೋಡ್ಯಾನ.’

ಆಗಲೇ ಬಂತು ಆ ಪ್ರಶ್ನೆ. ಚಹಾಕ್ಕೆ ಟೈಮ್ ಇರುತ್ತದೆ, ನೀರಿಗೂ ಇರುತ್ತದೆಯೇ?

ನಾನು ‘ಆಂ?’ ಎಂದೆನಲ್ಲ, ಆಗ ಅವರು ಇನ್ನೊಂದು ಮಾತು ಹೇಳಿದರು. ‘ಅವ್ವ ವಯಸ್ಸಿನ್ಯಾಗ ಹೊಲದ ಬದುವಿನ ಮ್ಯಾಲ ಜೇನು ಬಿಡಸ್ತಿದ್ಲು ಸರ್. ಊರಾಗಿನ ದೊಡ್ಡ ಮನಿಯವ್ರು ಚರಗಿ ತೊಗೊಂಡು ಬರ್ತಿದ್ರಂತ. ತುಪ್ಪ ಈಕಿ ಕೈಲೇ ಹಿಂಡಿಸ್ಕೊಂಡು ಹೋಗ್ತಿದ್ರು. ನೀರು ಮಾತ್ರ ತಮ್ಮ ಮನಿಗಿ ಹೋಗಿ ಕುಡೀತಿದ್ರು. ನೀವು ಹೋದಮ್ಯಾಲ ಅವ್ವ ಅಂದ್ಲು, ಇನ್ನೂ ಹಂಗ ಅದ ಬಿಡವ್ವ, ಹುಳಾ ನಡೀತಾವ, ನೀರು ನಡ್ಯಂಗಿಲ್ಲ ಅಂತ.’

ಎರಡನೆಯ ‘ಆಂ?’ ಇದಕ್ಕೆ. ಆಮೇಲೆ ಸಿಗ್ನಲ್ಲು.

ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ ಆಮೇಲೆ ಬಂತು. ನನ್ನನ್ನು ಏನೆಂದುಕೊಂಡರು ಇವರು? ಇಡೀ ಸರ್ವಿಸಿನಲ್ಲಿ ಯಾರ ಜಾತಿ ಕೇಳಿದ್ದೇನೆ? ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಕುಳಿತು ಉಂಡವನಲ್ಲವೇ? ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲಿಯೂ ಏನೂ ಮುಟ್ಟದವನು ನಾನು. ಬೇಕಾದರೆ ದಾಖಲೆ ತೋರಿಸುತ್ತೇನೆ.

ದಾಖಲೆ ಇದೆ. ಪ್ರತಿ ಸಲ ಜೇನು ಹಿಡಿದಾಗಲೂ ನಾನು ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ. ಪ್ಲಾಂಟಿನ ಲಾಗ್‌ಬುಕ್ಕಿನ ಚಾಳಿ. ಸ್ಥಳ, ತಲುಪಿದ ವೇಳೆ, ರಾಣಿ ಸಿಕ್ಕ ವೇಳೆ, ಹೊರಟ ವೇಳೆ, ಷರಾ. ಎಲ್ಲ ಊರಿನ ಷರಾಗಳನ್ನೂ ಫೋಟೊ ತೆಗೆದು ಯಶೋದಾ ಅವರಿಗೆ ಕಳಿಸಿಯೇಬಿಡುವುದೆಂದು ಕನ್ನಡಕ ಹಾಕಿಕೊಂಡು ಕುಳಿತೆ.

ಮಾನ್ವಿ, ರೈಸ್ ಮಿಲ್ಲಿನ ಗೋದಾಮಿನ ಗೋಡೆ. ಷರಾ: ‘ಹನ್ನೊಂದು ಇಪ್ಪತ್ತಕ್ಕೆ ಚಹಾ, ಮಾಲೀಕರ ಒತ್ತಾಯ. ಎರಡಕ್ಕೆ ಅವರ ಮನೆಯಲ್ಲಿ ಊಟ, ಹೋಳಿಗೆ. ಡಬ್ಬಿ ಹಾಗೆಯೇ ವಾಪಸ್.’

ನೆನಪಾಯಿತು. ತುಂಬಿದ ಡಬ್ಬಿ ಮನೆಗೆ ಬಂದದ್ದಕ್ಕೆ ನನ್ನ ಹೆಂಡತಿ ಗಿರಿಜಾ ಎರಡು ದಿನ ಮಾತು ಬಿಟ್ಟಿದ್ದಳು.

ಗಿಲ್ಲೆಸುಗೂರು, ರೈತರೊಬ್ಬರ ಪಂಪ್‌ಹೌಸ್. ಷರಾ: ‘ಹನ್ನೆರಡೂ ಕಾಲಿಗೆ ಮಜ್ಜಿಗೆ. ಎರಡು ಗ್ಲಾಸು. ಉತ್ತಮ.’

ಬಾಗಲವಾಡ, ಮಠದ ಪಕ್ಕದ ಮನೆ. ಷರಾ: ‘ಮೂರಕ್ಕೆ ಸುಟ್ಟ ಶೇಂಗಾ, ಬೆಲ್ಲ, ನೀರು.’

ದೇವದುರ್ಗ. ಷರಾ: ‘ಊಟ ಸ್ವಂತ. ನೀರು ಸ್ವಂತ. ತೊಂದರೆ ಇಲ್ಲ.’

ನಾಲ್ಕೂ ನನ್ನದೇ ಅಕ್ಷರ. ನಾಲ್ಕೂ ನನ್ನದೇ ಪೆನ್ನು. ಉಳಿದ ಮೂರು ಕಡೆ ಗಡಿಯಾರ ಎಲ್ಲಿ ಹೋಗಿತ್ತು? ಬೆರಳಿಗೆ ಹತ್ತಿದ ತುಪ್ಪವನ್ನು ನೆಕ್ಕಿದೆನಲ್ಲ, ಆಗ ಗಂಟೆ ಎಷ್ಟಾಗಿತ್ತು?

ನಂಬಿ, ಆ ಭಾನುವಾರ ನನ್ನ ಮನಸ್ಸಿನಲ್ಲಿ ಒಂದು ಕೆಟ್ಟ ವಿಚಾರವೂ ಸುಳಿದಿರಲಿಲ್ಲ. ಇವರು ಇಂಥವರು, ಇಲ್ಲಿ ಕುಡಿಯಬಾರದು ಎಂದು ನಾನು ಅಂದುಕೊಳ್ಳಲೇ ಇಲ್ಲ. ಆ ಓಣಿಗೆ ತಿರುಗಿದಾಗ, ಬಾಗಿಲ ಮೇಲಿನ ಬುದ್ಧನನ್ನು ಕಂಡಾಗ ನನ್ನ ಕೈಗೆ ಎಲ್ಲ ತಿಳಿದುಹೋಗಿತ್ತು. ಅದು ತಾನಾಗಿ ಬಾಟಲಿ ತೆಗೆಯಿತು, ತಾನಾಗಿ ವಾಚು ತಿರುಗಿಸಿತು. ವಿಚಾರ ಮಾಡಿ ಮಾಡಿದ್ದರೆ ಒಂದು ದಿನ ವಿಚಾರ ಮಾಡಿ ಬಿಡಬಹುದಿತ್ತು. ಇದನ್ನು ಏನು ಮಾಡುವುದು?

ಕ್ಯಾಂಟೀನಿನ ಮಾತಂತೂ ಇನ್ನೂ ಹೊಲಸು. ಅಲ್ಲಿ ಎಲ್ಲರ ಜೊತೆ ಉಂಡದ್ದು ನಿಜ. ಅಡುಗೆ ಕ್ಯಾಂಟೀನಿನದು, ತಟ್ಟೆ ಕ್ಯಾಂಟೀನಿನದು. ನನ್ನ ಪಕ್ಕದಲ್ಲಿ ಕುಳಿತವರಲ್ಲಿ ಎಷ್ಟು ಜನರ ಮನೆಗೆ ಹೋಗಿದ್ದೆ? ಲೆಕ್ಕ ಹಾಕಲು ಕುಳಿತೆ. ಬೇಗ ಮುಗಿಯಿತು.

ಮೂರನೆಯ ದಿನ ಯಶೋದಾ ಅವರಿಗೆ ಫೋನ್ ಮಾಡಿ, ಸಿಗ್ನಲ್ಲಿನ ಸುಳ್ಳನ್ನೂ ಒಪ್ಪಿಕೊಂಡು, ಮನೆಗೆ ಬರಲೇ ಎಂದು ಕೇಳಿದೆ.

‘ಬರ್ರಿ ಸರ್. ನನಗ ಸ್ಕೂಲ್ ಅದ. ಅವ್ವ ಇರ್ತಾಳ’ ಎಂದಷ್ಟೇ ಹೇಳಿದರು.

ಹೊರಡುವಾಗ ಗಿರಿಜಾ ಡಬ್ಬಿ ಹಿಡಿದು ಕಾರಿನವರೆಗೂ ಬಂದಳು. ಬೇಡ ಎಂದೆ.

‘ಮತ್ತ ಯಾವ ಮಿಲ್ಲಿನ್ಯಾಗ ಹೋಳಗಿ ಮಾಡ್ಯಾರಂತ?’

ಎಲ್ಲವನ್ನೂ ಹೇಳಿದೆ. ಷರಾ ಸಹಿತ. ಅವಳು ಡಬ್ಬಿಯನ್ನು ಸೆರಗಿನಲ್ಲಿ ಒರೆಸುತ್ತ ಕೇಳಿಸಿಕೊಂಡಳು. ‘ನಿಮಗಂತನ ಹೊಸಾದು ತಂದಿರಬೇಕು. ಆ ಬಸಿ ಚೀಟಿ ಮಾತು ಒಂದು ಆಡಬಾರ್ದಿತ್ರಿ ನೀವು’ ಎಂದು ಒಳಗೆ ಹೋದಳು.

ದೇವದುರ್ಗ ತಲುಪಿದಾಗ ಹನ್ನೊಂದು. ಹುಲಿಗೆವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ತಲೆ ಎತ್ತಿ ನೋಡಿದರು.

‘ಬಾರಪಾ. ಹುಳಾ ಓಡಿಹೋದುವೇನು? ಹುಡುಕ್ಯಾಡಿಕೋತ ಬಂದೀಯೇನು?’

‘ಇಲ್ಲವ್ವ. ನಿನ್ನ ಕೈಲೆ ಚಹಾ ಕುಡೀಬೇಕಂತ ಬಂದೀನಿ.’

‘ಹನ್ನೊಂದಾಗ್ಯದಲ್ಲೋ ಯಪ್ಪಾ. ನಿನ್ನ ಟೈಮ್ ಅಲ್ಲಲ್ಲ?’

ನಿಂತಲ್ಲೇ ‘ತಪ್ಪಾಗ್ಯದವ್ವ’ ಎಂದೆ. ಅಷ್ಟು ದೊಡ್ಡ ಪ್ಲಾಂಟಿನಲ್ಲಿ ಎಷ್ಟೋ ಜನರಿಂದ ತಪ್ಪಾಯಿತು ಎಂದು ಬರೆಸಿಕೊಂಡಿದ್ದೇನೆ. ನನ್ನ ಬಾಯಿಗೆ ಆ ಶಬ್ದ ರೂಢಿಯಿಲ್ಲ.

‘ಕುಂದ್ರು’ ಎಂದರು. ‘ಇಷ್ಟು ಬ್ಯಾಳಿ ಮುಗೀಲಿ.’

ಬೇಳೆ ಮುಗಿಯಲು ಒಂದು ತಾಸಿನ ಮೇಲೆ ಹಿಡಿಯಿತು. ಅವರು ಅವಸರ ಮಾಡಲಿಲ್ಲ. ಒಂದೊಂದು ಹರಳನ್ನೂ ಆರಿಸಿ ಬಾಗಿಲ ಹೊರಗೆ ಎಸೆದರು. ನಾನು ವಾಚು ನೋಡಲಿಲ್ಲ. (ಎರಡು ಸಲ ಕೈ ಹೋಗಿತ್ತು.) ಆಮೇಲೆ ಒಳಗೆ ಹೋಗಿ ಚಹಾ ಮಾಡಿ ತಂದರು. ಸ್ಟೀಲ್ ಗ್ಲಾಸಿನಲ್ಲಿ. ನನ್ನ ಕಣ್ಣು ಗ್ಲಾಸಿನ ಮೇಲೆ ನಿಂತದ್ದು ಅವರಿಗೆ ಕಂಡಿರಬೇಕು.

‘ಕಪ್ಪು-ಬಸಿ ಮ್ಯಾಲ ಎತ್ತಿ ಇಟ್ಟೀವಿ. ಅವು ಬೀಗರು ಬಂದಾಗ ತೆಗ್ಯಾವು.’

ನೀರು ಕೇಳಿದೆ. ಕೊಟ್ಟರು. ತಂಬಿಗೆ ಎತ್ತಿ ಗಟಗಟ ಕುಡಿದೆ. ಚಹಾ ಪಾಯಸದಷ್ಟು ಸಿಹಿ. ಗ್ಲಾಸು ಅರ್ಧ ಖಾಲಿಯಾಗುವ ಹೊತ್ತಿಗೆ ನನಗೆ ಒಳಗೊಳಗೇ ಹಗುರವಾಗತೊಡಗಿತ್ತು. ಸುಳ್ಳು ಏಕೆ ಹೇಳಲಿ, ನಾನು ಆಗಲೇ ಒಳ್ಳೆಯ ಮನುಷ್ಯನಾಗಿಬಿಟ್ಟಿದ್ದೆ. ತಪ್ಪು ಮಾಡಿದೆ, ತಿದ್ದಿಕೊಂಡೆ, ಷರಾ ಬರೆದು ಮುಚ್ಚುವುದೊಂದು ಬಾಕಿ. ಐವತ್ತು ಕಿಲೋಮೀಟರು ಕಾರು ಓಡಿಸಿ ಒಂದು ಗ್ಲಾಸ್ ಚಹಾ ಕುಡಿದರೆ ಇಷ್ಟೆಲ್ಲ ಸಿಗುತ್ತದೆ.

‘ಹುಳಾ ಹ್ಯಾಂಗ ಅದಾವು?’ ಎಂದು ಕೇಳಿದರು.

ಉತ್ಸಾಹದಿಂದ ಹೇಳಿದೆ. ಹಿತ್ತಲಲ್ಲಿ ಬಾದಾಮಿ ಗಿಡದ ನೆರಳಲ್ಲಿ ಇಟ್ಟಿದ್ದೇನೆ, ಮುಂಜಾನೆ ಬಿಸಿಲು ಬೀಳುತ್ತದೆ, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕೊಟ್ಟಿದ್ದೇನೆ, ಹೊಸ ಎರಿ ಬೆಳ್ಳಗೆ ಹೊಳೆಯುತ್ತಿದೆ. ಹುಲಿಗೆವ್ವನ ಮುಖದಲ್ಲಿ ಮೊದಲ ಸಲ ನಗು ಕಂಡಿತು.

‘ಮೂರು ವರ್ಷ ನನ್ನ ಗಡಿಗ್ಯಾಗ ಇದ್ದುವಪ್ಪಾ. ಮುಂಜಾನಿ ಎದ್ದು ಅವುಗಳ ಸಪ್ಪಳ ಕೇಳಿಕೋತನ ಮುಖಾ ತೊಳೀತಿದ್ದೆ. ಈಗ ಮನಿ ಬಿಕೋ ಅಂತದ. ಒಮ್ಮಿ ನೋಡಬೇಕು ಅವನ್ನ. ನಿಮ್ಮ ಮನಿಗಿ ಯಾವಾಗ ಬರ್ಲಿ?’

ಎಂಥ ಸರಳ ಪ್ರಶ್ನೆ. ನಾನು ಟೈಮ್ ಹೇಳುವುದರಲ್ಲೇ ಆಯುಷ್ಯ ಕಳೆದವನು. ಭಾನುವಾರ ಹತ್ತು ಗಂಟೆಗೆ ಎಂದರೆ ಮುಗಿದಿತ್ತು.

ಆದರೆ ನಮ್ಮ ಮನೆಯಲ್ಲಿ ಹಿತ್ತಲಿಗೆ ಹೋಗಲು ಒಂದೇ ದಾರಿ. ಪಡಸಾಲೆ ದಾಟಿ, ಅಡುಗೆಮನೆಯ ಒಳಗಿನಿಂದ, ದೇವರ ಗೂಡಿನ ಮುಂದೆ. ಅವರ ಪಡಸಾಲೆಯಲ್ಲಿ, ಅವರ ಗ್ಲಾಸು ಕೈಯಲ್ಲಿ ಹಿಡಿದು ಕುಳಿತಿರುವಾಗಲೇ ನನ್ನ ತಲೆ ಆ ದಾರಿಯನ್ನು ಒಂದು ಸಲ ನಡೆದು ನೋಡಿಕೊಂಡು ಬಂತು.

‘ನೋಡಿ ಹೇಳ್ತೀನವ್ವ’ ಎಂದೆ.

ಹುಲಿಗೆವ್ವ ನನ್ನನ್ನೇ ನೋಡಿದರು. ಸಿಟ್ಟಿಲ್ಲ, ಬೇಸರವೂ ಇಲ್ಲ. ಎಷ್ಟೋ ಸಲ ಕೇಳಿದ ಮಾತನ್ನು ಇನ್ನೊಂದು ಸಲ ಕೇಳಿದ ಮುಖ ಅಷ್ಟೆ. ‘ಆತು ಬಿಡಪ್ಪಾ’ ಎಂದು ಖಾಲಿ ಗ್ಲಾಸು ತೆಗೆದುಕೊಂಡು ಒಳಗೆ ಹೋದರು. ನಾನು ಎದ್ದು ಬಂದೆ. ಮಧ್ಯಾಹ್ನ ಒಂದು ಗಂಟೆ. ಊಟದ ಹೊತ್ತು. ಏಳಿರೆಂದು ಈ ಸಲವೂ ಯಾರೂ ಕರೆಯಲಿಲ್ಲ.

ದಾರಿಯುದ್ದಕ್ಕೂ ಒಂದು ನೆವ ಕಟ್ಟಿಕೊಂಡೆ. ಗಿರಿಜಾಳನ್ನು ಕೇಳಬೇಕಲ್ಲ? ಮನೆ ಅವಳದು, ಅಡುಗೆಮನೆ ಅವಳದು, ಪೂಜೆ ಅವಳದು. ನಾನೊಬ್ಬನೇ ಹೇಗೆ ಹೇಳಲಿ? ಎಷ್ಟು ಗಟ್ಟಿ ನೆವ! ಮನೆ ತಲುಪಿ ಹುಲಿಗೆವ್ವ ಕೇಳಿದ್ದನ್ನು ಹೇಳಿದೆ.

‘ಯಾವತ್ತು ಬರ್ತಾರಂತ?’ ಎಂದಳು ಗಿರಿಜಾ. ‘ಊಟಕ್ಕ ಇರ್ತಾರ ಇಲ್ಲ? ಬ್ಯಾಳಿ ನೆನಿ ಇಡಬೇಕಲ್ಲ.’

ಇದ್ದ ಒಂದು ನೆವವೂ ಹೋಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದೆ. ಯಶೋದಾ ಸ್ಕೂಲಿಗೆ ಹೊರಟಿದ್ದರು. ಈ ಭಾನುವಾರ ಹತ್ತು ಗಂಟೆಗೆ ಅವ್ವನನ್ನು ಕರೆದುಕೊಂಡು ಬನ್ನಿ, ನಾನೇ ಕಾರು ತರುತ್ತೇನೆ, ಊಟ ನಮ್ಮಲ್ಲೇ ಎಂದು ಒಂದೇ ಉಸಿರಿಗೆ ಹೇಳಿದೆ. ‘ಒಂದ್ ನಿಮಿಷ ಇರ್ರಿ ಸರ್’ ಎಂದು ಅವರು ಒಳಗೆ ಹೋದರು. ತಾಯಿ ಮಗಳ ಮಾತು ಕೇಳಿಸಿತು, ಶಬ್ದ ತಿಳಿಯಲಿಲ್ಲ. ಯಾರೋ ನಕ್ಕರು.

ಯಶೋದಾ ಮತ್ತೆ ಫೋನ್ ಹಿಡಿದರು. ಟೀಚರ್ ದನಿಯೇ.

‘ಅವ್ವ ನೋಡಿ ಹೇಳ್ತಾಳಂತ್ರಿ ಸರ್.’